ನೀಲಿ ಕತ್ತೆ

ಶಬ್ದ ಮುಚ್ಚಿ ನೋಡಿದರೆ ಮನುಷ್ಯರು ಹೇಳುವ ಸುಳ್ಳು ಬೇಗ ಗೊತ್ತಾಗುತ್ತದೆ. ಇದನ್ನು ಅವಳು ಯಾರಿಂದಲೂ ಕಲಿತದ್ದಲ್ಲ. ಮಗಳು ಕೂಸಾಗಿದ್ದಾಗ, ಮಲಗಿದ ಕೂಸು ಏಳಬಾರದೆಂದು, ಊಟದ ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಶಬ್ದವಿಲ್ಲದೆಯೇ ವಿಡಿಯೊ ಕತ್ತರಿಸಿ ಜೋಡಿಸುವುದು ಅಭ್ಯಾಸವಾಯಿತು. ಇಯರ್‌ಫೋನ್ ಹಾಕಿಕೊಂಡರೆ ಕೂಸು ಅತ್ತದ್ದು ಕೇಳಿಸದೆ ಹೋದೀತೆಂಬ ಭಯ ಬೇರೆ. ಕೂಸು ಬೆಳೆದು ಮೂರನೆಯ ಕ್ಲಾಸಿಗೆ ಬಂದರೂ ಅಭ್ಯಾಸ ಬಿಡಲಿಲ್ಲ. ಹಾಗಾಗಿ ಯಾರ ತುಟಿ ಅಲ್ಲಾಡಿದರೂ ಅವರು ಏನು ಹೇಳಿದರೆಂದು ಅವಳಿಗೆ ತಿಳಿದುಬಿಡುತ್ತಿತ್ತು. ಎದುರುಮನೆಯ ಗಂಡಹೆಂಡಿರು ಕಿಟಕಿಯ ಗಾಜು ಎಳೆದುಕೊಂಡು ಜಗಳಾಡಿದರೆ ಇವಳು ಇತ್ತ ಪಾತ್ರೆ ಒರೆಸುತ್ತಲೇ ತಪ್ಪು ಯಾರದೆಂದು ತೀರ್ಪು ಕೊಡುತ್ತಿದ್ದಳು. ಲಿಫ್ಟ್ ರಿಪೇರಿ ಮಾಡುವ ಗಂಡ, "ನಿನ್ನೆದುರು ಗೊಣಗೋಕೂ ಆಗಲ್ಲ ಕಣೇ, ಗೋಡೆ ಕಡೆ ತಿರುಗಿ ಗೊಣಗಬೇಕು" ಎಂದು ನಗುತ್ತಿದ್ದ. ತನ್ನ ಮೇಲಿನ ನಂಬಿಕೆಗೆ ಅವಳಲ್ಲಿ ಎಂದೂ ಬರಗಾಲವಿರಲಿಲ್ಲ. ಕೈ ಹಾಕಿದ ಕೆಲಸ ಕೆಟ್ಟಿತು ಎಂಬ ಮಾತು ಅವಳ ಬಗ್ಗೆ ತವರಿನಲ್ಲೂ ಇರಲಿಲ್ಲ, ಇಲ್ಲಿಯೂ ಇರಲಿಲ್ಲ, ಹೋದ ಶನಿವಾರದ ತನಕ.

ಇವತ್ತು ಬೆಳಿಗ್ಗೆ ಮಗಳು ಶಾಲೆಗೆ, ಗಂಡ ಕೆಲಸಕ್ಕೆ, ಅತ್ತೆ ಕಣ್ಣಿನ ಆಸ್ಪತ್ರೆಗೆ ಹೋದ ಮೇಲೆ ಅವಳು ಎಂದಿನಂತೆ ಮೇಜಿನ ತುದಿಗೆ ಕೂತಳು. 'ಚಿಟಿಕೆ ಮನೆ' ಎಂಬ ಅವಳ ಚಾನೆಲ್ಲಿನಲ್ಲಿ ಸಂಜೆ ಹಾಕಬೇಕಾದ ವಿಡಿಯೊ ಅದು. ಚಿಟಿಕೆ ಎಂದರೆ ಮಗಳು. ಹುಟ್ಟಿದಾಗ ಒಂದು ಚಿಟಿಕೆಯಷ್ಟಿದ್ದಳೆಂದು ಅವಳ ಅಪ್ಪ ಮುದ್ದಿಗೆ ಕರೆದದ್ದು ಆಮೇಲೆ ಕಂಡುಕೇಳದ ಜನರ ಬಾಯಿಗೂ ಹತ್ತಿತ್ತು. ಇವತ್ತಿನ ವಿಡಿಯೊದಲ್ಲಿ ಮಗಳಿಲ್ಲ. ಇವಳೊಬ್ಬಳೇ ಸೋಫಾದ ಮೇಲೆ ಕೂತು ಕ್ಷಮೆ ಕೇಳುತ್ತಿದ್ದಾಳೆ. ಕ್ಷಮೆ ಕೇಳುವುದಕ್ಕೂ ಒಂದು ಬಣ್ಣ ಬೇಕೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಮಾಸಲು ಬಿಳಿ ಬಟ್ಟೆ ಹಾಕಿಕೊಂಡು, ಪರದೆಯನ್ನು ಅರ್ಧ ಸರಿಸಿ, ಬೆಳಕು ಒಂದೇ ಕೆನ್ನೆಗೆ ಬೀಳುವಂತೆ ಕೂತಿದ್ದಳು. ಗಂಟಲು ಸರಿಮಾಡಿಕೊಂಡದ್ದನ್ನು ಕತ್ತರಿಸಿದಳು, ಕಣ್ಣು ಒರೆಸಿಕೊಂಡದ್ದನ್ನು ಉಳಿಸಿದಳು. ಅಳು ನಿಜವಾದದ್ದೇ, ಅದರಲ್ಲಿ ಮೋಸವಿಲ್ಲ. ಆದರೆ ನಿಜವಾದ ಅಳುವಿನ ಉದ್ದ ಎಷ್ಟಿರಬೇಕೆಂದು ತಾನೀಗ ಅಳೆಯುತ್ತಿದ್ದೇನಲ್ಲ ಎನಿಸಿದಾಗ ಮೌಸಿನ ಮೇಲಿನ ಬೆರಳು ಸ್ವಲ್ಪ ಹೊತ್ತು ನಿಂತಿತು. ಭಾನುವಾರ ಇದನ್ನು ಶೂಟ್ ಮಾಡುವಾಗ ಬೆಳಕನ್ನು ಮುಖದ ಕಡೆ ತಿರುಗಿಸುವ ಬಿಳಿ ಹಾಳೆ ಹಿಡಿದು ನಿಂತಿದ್ದ ಗಂಡ ಕೇಳಿದ್ದ: "ಕ್ಷಮೆ ಯಾರ ಹತ್ರ ಕೇಳ್ತಿದೀಯ?"

"ಎಲ್ಲರ ಹತ್ರ."

"ಎಲ್ಲರಿಗೂ ನಾವೇನು ಮಾಡಿದ್ವಿ?"

ಅವಳು ಹಾಳೆಯನ್ನು ಇನ್ನೂ ಸ್ವಲ್ಪ ಮೇಲಕ್ಕೆ ಹಿಡಿಯುವಂತೆ ಕೈಸನ್ನೆ ಮಾಡಿದ್ದಳು.

ಶನಿವಾರ ಹಲ್ಲಿನ ಡಾಕ್ಟರಮ್ಮ ಬಾಗಿಲಲ್ಲೇ ತಡೆದು, "ಫೋನ್ ಹೊರಗಿಟ್ಟು ಬನ್ನಿ. ಅವಳ ಬಾಯಿ ನಾನು ನೋಡ್ತೀನಿ, ಊರೋರೆಲ್ಲ ನೋಡೋದು ಬೇಡ" ಎಂದಿದ್ದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಚಪ್ಪಲಿ ಹೊರಗೆ ಬಿಡಿ ಎನ್ನುವ ಹಾಗೆ ಹೇಳಿದ್ದರು. ಅದೇ ಅವಳಿಗೆ ಚುಚ್ಚಿತ್ತು. ಮಗಳ ಮೊದಲ ಹಲ್ಲು ಹುಟ್ಟಿದ್ದನ್ನೂ ಬಿದ್ದದ್ದನ್ನೂ ಊರೆಲ್ಲ ನೋಡಿ ಹರಸಿರುವಾಗ, ಕೀಳಬೇಕಾದ ಈ ಒಂದು ಹುಳುಕು ಹಲ್ಲಿಗೆ ಇಷ್ಟು ಗೌರವ ಯಾಕೆ ಎಂದುಕೊಂಡು ಹೊರಗಿನ ಬೆಂಚಿನ ಮೇಲೆಯೇ ಕೂತಳು. ಹಲ್ಲು ಕಿತ್ತಾದ ಮೇಲೆ ಡಾಕ್ಟರಮ್ಮ ಮಗಳನ್ನು ಹೊರಗೆ ಕಳಿಸಿ ಇವಳನ್ನು ಒಳಗೆ ಕರೆದರು. ಪಕ್ಕದ ಹಲ್ಲು ಓರೆಯಾಗಿ ಬರುತ್ತಿದೆ, ಮುಂದಿನ ವರ್ಷ ತಂತಿ ಹಾಕಬೇಕಾಗಬಹುದು ಎಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಅವಳ ಮನಸ್ಸು ಆಗಲೇ ತಂತಿಯ ವಿಡಿಯೊಗೆ ಹೆಸರು ಹುಡುಕುತ್ತಿತ್ತು. ಹೊರಗೆ ಬಂದಾಗ ಬೆಂಚು ಖಾಲಿ. ನೀರಿನ ಯಂತ್ರದ ಹತ್ತಿರ ಇಲ್ಲ, ಶೌಚಾಲಯದಲ್ಲಿ ಇಲ್ಲ. ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಯಾರಾದರೂ ಕಂಡರೆ ಗುರುತು ಹೇಳಬೇಕಲ್ಲ, ಮಗಳು ಇವತ್ತು ಯಾವ ಬಣ್ಣದ ಅಂಗಿ ಹಾಕಿದ್ದಾಳೆ ಎಂದು ನೆನೆಸಿಕೊಳ್ಳಲು ಹೋದರೆ ಬೇರೆ ಬೇರೆ ವಿಡಿಯೊಗಳ ಅಂಗಿಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು, ಇವತ್ತಿನದೊಂದು ಬರಲಿಲ್ಲ. ಕೆಳಗೆ ಔಷಧಿ ಅಂಗಡಿಯ ಮೀನಿನ ತೊಟ್ಟಿಯ ಮುಂದೆ ಮಗಳು ನಿಂತಿದ್ದಳು. ಅವಳ ಕೈ ಒಬ್ಬ ಅಪರಿಚಿತ ಹೆಂಗಸಿನ ಕೈಯಲ್ಲಿತ್ತು.

"ಅಯ್ಯೋ, ಗಾಬರಿ ಆಗ್ಬೇಡಿ. ಮೀನು ತೋರಿಸೋಣ ಅಂತ ಕರ್ಕೊಂಡು ಬಂದೆ," ಎಂದಳು ಆ ಹೆಂಗಸು. "ಸುಮ್ಸುಮ್ನೆ ಬರ್ಲಿಲ್ಲ ನೋಡಿ ನಿಮ್ಮ ಮಗಳು. ಬಾಯಲ್ಲಿ ಹತ್ತಿ ಇಟ್ಕೊಂಡೇ ಗುಟ್ಟಿನ ಮಾತು ಏನು ಅಂತ ಕೇಳಿದ್ಲು. ನೀಲಿ ಕತ್ತೆ ಅಂದೆ. ಬಂದ್ಲು."

"ಅದು ನಿಮಗೆ ಹೇಗೆ ಗೊತ್ತು?"

"ನಮ್ಮಕ್ಕಂಗೆ ಹುಟ್ಟಿದಾಗಿಂದ ಕಿವಿ ಕೇಳ್ಸಲ್ಲ. ನಿಮ್ಮ ವಿಡಿಯೊ ಅಂದ್ರೆ ಅವಳಿಗೆ ಪ್ರಾಣ. ನೀವು ಟುಯ್ ಅಂತ ಶಬ್ದ ಹಾಕಿ ಮುಚ್ಚಿದ್ರಲ್ಲ, ಅದು ಅವಳಿಗೆ ಕೇಳ್ಸಬೇಕಲ್ಲ? ತುಟಿ ನೋಡಿ ಹೇಳ್ಬಿಟ್ಲು. ನಾನೇ ಕಾಮೆಂಟ್ ಹಾಕಿದ್ದು. ನೀವೂ ಹಾರ್ಟ್ ಕೊಟ್ರಲ್ಲ."

ಕೆಟ್ಟ ಹೆಂಗಸಲ್ಲ. ಕೈಚೀಲದಲ್ಲಿ ಅಕ್ಕನ ಔಷಧಿ ಇತ್ತು, ಮುಖದಲ್ಲಿ ಬೇಕಾದವರನ್ನು ಕಂಡ ಸಂತೋಷವಿತ್ತು. ಮಗಳು ಹತ್ತಿ ಕಚ್ಚಿಕೊಂಡು, ಒಪ್ಪಿಸಿದ ಪಾಠ ಸರಿಯಾಯಿತೇ ಎಂದು ಕೇಳುವವಳಂತೆ ಅಮ್ಮನ ಮುಖ ನೋಡುತ್ತಿದ್ದಳು. ಸರಿಯಾಗಿಯೇ ಇತ್ತು. ಮಗಳದು ಒಂದು ಅಕ್ಷರವೂ ತಪ್ಪಿರಲಿಲ್ಲ.

ಆ ಮಾತನ್ನು ಕಟ್ಟಿದವಳೂ ಮಗಳೇ. ಹೋದ ವರ್ಷ ಅಮ್ಮ, ಮಗಳು, ಅಜ್ಜಿ ಮೂವರೂ ಹೊದಿಕೆಯೊಳಗೆ ತಲೆ ತೂರಿಸಿಕೊಂಡು ಆಡುತ್ತಿದ್ದ ಆಟದಲ್ಲಿ ಹುಟ್ಟಿದ್ದು ಅದು. ಮನೆಯವರು ಬಿಟ್ಟು ಬೇರೆ ಯಾರಾದರೂ ಕರೆಯಲು ಬಂದರೆ ಗುಟ್ಟಿನ ಮಾತು ಕೇಳಬೇಕು, ಹೇಳಿದರೆ ಹೋಗಬೇಕು, ಇಲ್ಲದಿದ್ದರೆ ಇಲ್ಲ. ಕತ್ತೆ ನೀಲಿ ಯಾಕೆ ಎಂದು ಅಜ್ಜಿ ಕೇಳಿದ್ದಕ್ಕೆ, "ಯಾರಿಗೂ ಗೊತ್ತಾಗಬಾರದಲ್ಲ, ಅದಕ್ಕೆ" ಎಂದಿದ್ದಳು. ಹೊದಿಕೆಯೊಳಗೆ ಬಿಸಿಯುಸಿರು, ನಗು, ಮಗಳ ಬಾಯಿಯ ಹಲ್ಲುಪುಡಿಯ ವಾಸನೆ. ಅಷ್ಟು ಒಳ್ಳೆಯದೊಂದು ಉಪಾಯ ಹೊದಿಕೆಯೊಳಗೇ ಉಳಿಯಬಾರದು, ನಾಲ್ಕು ತಾಯಂದಿರಿಗೆ ತಿಳಿಯಬೇಕು ಎಂದು ಅವಳಿಗೆ ಅನಿಸಿದ್ದು ತಪ್ಪೇ? ಮರುವಾರವೇ ಮತ್ತೆ ಹೊದಿಕೆ ಹರಡಿ, ಒಳಗೊಂದು ದೀಪ ಇಟ್ಟು, ಮಗಳಿಂದ ಅದೇ ಮಾತನ್ನು ಮೊದಲ ಸಲ ಹೇಳುವಂತೆ ಹೇಳಿಸಿದಳು. ಮಾತು ಬರುವಲ್ಲಿ ಟುಯ್ ಎಂಬ ಶಬ್ದ ಹಾಕಿದಳು. ಎಷ್ಟು ಜಾಣ್ಮೆ ತನ್ನದು ಎಂದುಕೊಂಡಳು. ಶಾಲೆಗಳವರು ಹಂಚಿಕೊಂಡರು, ಒಂದು ಸಭೆಗೆ ಕರೆದು ಮಾತಾಡಿಸಿ ಹೂಗುಚ್ಛ ಕೊಟ್ಟರು. ವಿಡಿಯೊದ ಕೆಳಗೆ ಜನ ಆ ಮಾತು ಏನಿರಬಹುದೆಂದು ಒಗಟಿನಂತೆ ಊಹಿಸಿದರು: ಹಸಿರು ಬೆಕ್ಕು, ಅಜ್ಜಿ ಕನ್ನಡಕ, ಚಂದಮಾಮನ ಚಡ್ಡಿ. ಬಂದ ಕಾಮೆಂಟಿಗೆಲ್ಲ ಕೆಂಪು ಹಾರ್ಟು ಒತ್ತುವುದು ಅವಳ ಪದ್ಧತಿ. ಬಸ್ಸಿಗೆ ಕಾಯುತ್ತ, ಹಾಲು ಉಕ್ಕದಂತೆ ನೋಡಿಕೊಳ್ಳುತ್ತ, ಹೆಬ್ಬೆರಳು ತನ್ನ ಪಾಡಿಗೆ ಒತ್ತುತ್ತ ಹೋಗುತ್ತಿತ್ತು. ಹಾಗೆ ಒಂದು ದಿನ ಹಾಲು ನೋಡುತ್ತ ನೀಲಿ ಕತ್ತೆಗೂ ಒತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಬೆಕ್ಕಿಗಾದರೂ ಬುದ್ಧಿಯಿಲ್ಲ ಎನ್ನಬಹುದು. ಊರಿನವರ ತುಟಿಯನ್ನೆಲ್ಲ ಓದುವ ಇವಳಿಗೆ, ಮಗಳ ತುಟಿಯನ್ನು ಬೇರೆಯವರೂ ಓದಬಹುದೆಂದು ಹೊಳೆಯಲಿಲ್ಲವಲ್ಲ.

ಶನಿವಾರ ಮನೆಗೆ ಬಂದೊಡನೆ ಆ ವಿಡಿಯೊ ತೆಗೆದುಹಾಕಿದ್ದಳು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಈಗ ಒಡೆದ ಮುತ್ತನ್ನ ಡಬ್ಬಿಯಿಂದ ತೆಗೆದ್ರೆ ಏನು ಬಂತು?" ಎಂದಿದ್ದರು ಅತ್ತೆ. ಅವರು ಹೇಳಿದ್ದು ಅಷ್ಟೇ. ಸೊಸೆಯನ್ನು ಚುಚ್ಚಿ ಖುಷಿಪಡುವ ಜಾತಿಯವರಲ್ಲ. ಭಾನುವಾರ ಬೆಳಿಗ್ಗೆ ಮಗಳ ತಲೆ ಬಾಚುತ್ತ, ಸಿಕ್ಕು ಬಿಡಿಸುವ ನೆಪದಲ್ಲಿ ಅವಳು ಮೆಲ್ಲಗೆ ಕೇಳಿದಳು: "ಚಿಟಿಕೆ, ಈಗ ಹೊಸ ಗುಟ್ಟಿನ ಮಾತು ಮಾಡ್ಕೋಬೇಕಲ್ವಾ?"

"ಮಾಡಾಯ್ತು. ಅಜ್ಜಿಗೆ ಹೇಳಿದೀನಿ. ಅಪ್ಪಂಗೂ ಹೇಳಿದೀನಿ."

"ನಂಗೆ?"

ಮಗಳು ತಿರುಗಿ ಮೊದಲು ಕಪಾಟಿನ ಮೇಲೆ, ಆಮೇಲೆ ಕಿಟಕಿಯ ಕಟ್ಟೆಯ ಮೇಲೆ ನೋಡಿದಳು. ಫೋನ್ ಎಲ್ಲಿದೆ ಎಂದು ನೋಡುತ್ತಿದ್ದಾಳೆಂದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ನೀನು ಹೇಳಿಬಿಡ್ತೀಯ" ಎಂದಳು ಮಗಳು. ಕೋಪವಿರಲಿಲ್ಲ, ಅಪ್ಪನಿಗೆ ಗೊರಕೆ ಬರುತ್ತದೆ, ಅಜ್ಜಿಗೆ ಮಂಡಿನೋವು, ಅಮ್ಮ ಹೇಳಿಬಿಡುತ್ತಾಳೆ, ಅಷ್ಟೇ. ಕೋಪವಿದ್ದಿದ್ದರೆ ಒಳ್ಳೆಯದಿತ್ತು, ಸಮಾಧಾನ ಮಾಡಬಹುದಿತ್ತು. "ಮತ್ತೆ, ಚಿಟಿಕೆ ಅಂತ ಕರೀಬೇಡ. ಆ ಮೀನಿನ ಆಂಟಿನೂ ಹಾಗೇ ಕರೆದ್ಲು." ಬಾಚಣಿಗೆ ಕೂದಲಲ್ಲಿ ಸಿಕ್ಕಿಕೊಂಡಿತು. ಮಧ್ಯಾಹ್ನ ಗಂಡನನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದರೆ ಅವನು ಎರಡು ಕೈಯನ್ನೂ ಬಾಯಿಯ ಮೇಲೆ ಇಟ್ಟುಕೊಂಡ. ತುಟಿ ಕಾಣಬಾರದೆಂದು. ತಮಾಷೆಗೇ ಮಾಡಿದ್ದು, ಅವಳೂ ನಕ್ಕಳು, ನಕ್ಕು ಒಲೆಯ ಕಡೆ ತಿರುಗಿದಾಗ ಕಣ್ಣು ತುಂಬಿಬಂತು. ತನ್ನ ಮನೆಯಲ್ಲೇ ತಾನೊಬ್ಬಳು ಹೊರಗಿನವಳಾದೆನೆಂಬ ಅವಮಾನ. ಅದನ್ನು ನುಂಗುವ ಬದಲು ಕೆಲಸಕ್ಕೆ ಹಚ್ಚುವುದು ಅವಳ ಸ್ವಭಾವ. ಆ ಸಂಜೆಯೇ ಮಾಸಲು ಬಿಳಿ ಬಟ್ಟೆ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದಳು.

ಈಗ ಪರದೆಯ ಮೇಲೆ ಆ ಬಿಳಿ ಬಟ್ಟೆಯವಳು ಬಾಯಿ ಆಡಿಸುತ್ತಿದ್ದಾಳೆ. ಮಕ್ಕಳ ಗುಟ್ಟು, ಮಕ್ಕಳ ಹಕ್ಕು, ತಾಯಂದಿರ ಜವಾಬ್ದಾರಿ. ಚೆನ್ನಾಗಿಯೇ ಹೇಳುತ್ತಿದ್ದಾಳೆ, ಕೇಳಿದವರು ಹೌದೆನ್ನಬೇಕು. ಅಷ್ಟರಲ್ಲಿ ಅವಳ ಹೆಗಲ ಹಿಂದಿನ ಬಾಗಿಲಲ್ಲಿ ಏನೋ ಅಲ್ಲಾಡಿತು. ಮಗಳು, ಕೈಯಲ್ಲಿ ನೀರಿನ ಲೋಟ. ಶೂಟ್ ಮಾಡುವಾಗ ಇವಳ ಬೆನ್ನು ಅತ್ತ ಇತ್ತು, ಹಾಳೆ ಹಿಡಿದಿದ್ದವನಿಗೂ ಕಂಡಿರಲಿಲ್ಲ. ಮಗಳು ಕ್ಯಾಮೆರಾ ನೋಡಿದಳು. ನೋಡಿದ ಕೂಡಲೇ ಅವಳ ಮುಖದ ಮೇಲೆ ನಗು ಬಂತು. ತಲೆ ತುಸು ಎಡಕ್ಕೆ ವಾಲಿತು, ಕಿತ್ತ ಹಲ್ಲಿನ ಸಂದಿ ಕಾಣದಂತೆ ತುಟಿ ಸೇರಿತು. ಸ್ವಿಚ್ಚು ಒತ್ತಿದರೆ ದೀಪ ಹತ್ತಿದಂತೆ. ತನ್ನ ವಿಡಿಯೊ ಯಾರೂ ತೆಗೆಯುತ್ತಿಲ್ಲವೆಂದು ಗೊತ್ತಾಯಿತು, ನಗು ಆರಿತು. ಒಂದು ಗುಟುಕು ನೀರು ಕುಡಿದಳು. ಅಮ್ಮನ ಬೆನ್ನನ್ನು ನೋಡುತ್ತ ಲೋಟದ ಅಂಚಿಗೆ ಏನೋ ಹೇಳಿದಳು, ಹೋದಳು. ಮೇಜಿನೆದುರು ಕೂತಿದ್ದ ಅವಳು ವಿಡಿಯೊವನ್ನು ಹಿಂದಕ್ಕೆ ತಂದು ನೋಡಿದಳು. ಮತ್ತೆ ತಂದಳು. ಮಗಳ ಮುಖವನ್ನು ದೊಡ್ಡದು ಮಾಡಿದಳು. ತಾನು ಓದಿದ್ದು ತಪ್ಪಿರಲಿ ಎಂದು ಜೀವನದಲ್ಲಿ ಅದೇ ಮೊದಲು ಆಸೆಪಟ್ಟಳು. ತಪ್ಪಿರಲಿಲ್ಲ. "ಮತ್ತೆ ನನ್ನ ಬಗ್ಗೇನೇ."

ಹೊರಗೆ ಯಾರೋ ಕಾರಿನ ಬಾಗಿಲು ಹಾಕಿದರು. ಮೇಜಿನ ಮೇಲೆ ಬೆಳಗಿನ ಬ್ರೆಡ್ಡಿನ ಚೂರುಗಳು, ಮಗಳು ಅಂಚು ತಿಂದು ನಡುವನ್ನು ಬಿಟ್ಟದ್ದು. ಮಗಳಿಗೆ ಜ್ವರ ಬಂದು ಮೈ ಸುಡುತ್ತಿದ್ದ ಆ ದಿನ ಥರ್ಮಾಮೀಟರ್ ಇಡುವ ಮೊದಲು ತಾನು ದೀಪದ ದಿಕ್ಕು ಸರಿಮಾಡಿದ್ದು ಯಾಕೋ ಈಗ ನೆನಪಾಯಿತು, ಮಗಳು ಕಣ್ಣು ಬಿಟ್ಟು, ಆ ಜ್ವರದಲ್ಲೂ, "ಶುರುನಾ?" ಎಂದಿದ್ದಳು. ಆಗ ಅದನ್ನು ಕತ್ತರಿಸದೆ ಇಟ್ಟುಕೊಂಡಿದ್ದಳು, ಎಷ್ಟು ಮುದ್ದಾಗಿದೆಯೆಂದು. ಹಾಸಿಗೆ ಒದ್ದೆಯಾಗುತ್ತಿದ್ದ ದಿನಗಳ ಬಗ್ಗೆ ಮಾಡಿದ ವಿಡಿಯೊದಲ್ಲಿ ನಾಚಿಕೆಪಡುವಂಥದ್ದೇನಿಲ್ಲ ಎಂದು ಲೋಕಕ್ಕೆಲ್ಲ ಬುದ್ಧಿ ಹೇಳಿದ್ದಳು. ನಾಚಿಕೆ ಪಟ್ಟವಳು ಮಗಳು, ಬುದ್ಧಿ ಹೇಳಿಸಿಕೊಂಡದ್ದು ಲೋಕ. ಪುಟ್ಟ ಉಡುಗೊರೆಯ ಪೊಟ್ಟಣವನ್ನು ವಿಡಿಯೊಗೆಂದು ಎರಡನೆಯ ಸಲ ಬಿಚ್ಚುವಾಗಲೂ ಮಗಳು ಅಷ್ಟೇ ಆಶ್ಚರ್ಯಪಟ್ಟಿದ್ದಳು, ತಾಯಿಗೆ ಬೇಸರವಾಗಬಾರದೆಂದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇನ್ನೇನು. ಮೇಯುವಾಗ ಬೇಲಿಗೂ ತಾನು ಕಾಯುತ್ತಿದ್ದೇನೆ ಎಂದೇ ಅನಿಸುತ್ತದೇನೋ.

ಮುಂದಿನದು ಅವಳಿಗೆ ಕಷ್ಟವಾಗಲಿಲ್ಲ. ತೀರ್ಮಾನ ಮಾಡುವುದು ಅವಳಿಗೆ ಎಂದೂ ಕಷ್ಟವಾದದ್ದಿಲ್ಲ. ಮೊದಲು ಕ್ಷಮೆಯ ವಿಡಿಯೊ ಅಳಿಸಿದಳು. ಆಮೇಲೆ ಚಾನೆಲ್ಲಿಗೆ ಹೋಗಿ ಮಗಳ ಮುಖವಿದ್ದ ಒಂದೊಂದನ್ನೂ ತೆಗೆಯತೊಡಗಿದಳು. ಹುಟ್ಟುಹಬ್ಬ, ಮೊದಲ ಹೆಜ್ಜೆ, ಜ್ವರ, ಹಾಸಿಗೆ. ಪ್ರತಿಯೊಂದಕ್ಕೂ ಯಂತ್ರ, ಇದು ಮತ್ತೆ ಸಿಗುವುದಿಲ್ಲ, ಖಂಡಿತವೇ ಎಂದು ಕೇಳಿತು, ಖಂಡಿತ ಎಂದಳು. ನಡುವೆ ತನ್ನ ಕೈ ಫೋನನ್ನು ಎತ್ತಿ ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದ್ದನ್ನು ಕಂಡಳು. ತಾನು ಅಳಿಸುವುದನ್ನೂ ವಿಡಿಯೊ ಮಾಡಿಕೊಳ್ಳಲು. ಆ ಕೈಯನ್ನು ಬೇರೆಯವರ ಕೈಯನ್ನು ನೋಡುವಂತೆ ನೋಡಿ, ಫೋನನ್ನು ಮಗುಚಿಟ್ಟಳು. ಚಾನೆಲ್ಲಿಗೆ ಜಾಹೀರಾತು ಕೊಡುತ್ತಿದ್ದ ಹಾಸಿಗೆ ಕಂಪನಿಯವನು ಫೋನ್ ಮಾಡಿ ಮುಂದಿನ ವಿಡಿಯೊ ಯಾವಾಗ ಮೇಡಂ ಎಂದಾಗ, "ಇನ್ನು ಇಲ್ಲ. ಮಗಳು ಕೆಲಸ ಬಿಟ್ಟಿದಾಳೆ" ಎಂದಳು. ಅವನು ತಮಾಷೆಯೆಂದು ನಕ್ಕ. ಕತ್ತರಿಸಿ ಜೋಡಿಸುವ ವಿದ್ಯೆ ಕೈಯಲ್ಲಿದೆ, ಅಂಗಡಿಯವರ, ಪಾಠ ಹೇಳುವವರ ವಿಡಿಯೊ ಮಾಡಿಕೊಟ್ಟರಾಯಿತು, ಹೊಟ್ಟೆಗೇನೂ ಕಲ್ಲು ಬೀಳುವುದಿಲ್ಲ. ಎಲ್ಲ ಮುಗಿದಾಗ ಚಾನೆಲ್ಲಿನಲ್ಲಿ ಉಳಿದದ್ದು ಕಪಾಟು ಒಪ್ಪ ಮಾಡುವುದು ಹೇಗೆಂಬ ಒಂದು ವಿಡಿಯೊ. ಅದರಲ್ಲಿ ಅವಳ ಕೈ ಮಾತ್ರ ಕಾಣುತ್ತಿತ್ತು. ಮೈಯೆಲ್ಲ ಹಗುರವಾಯಿತು. ಆ ಹಗುರದ ಜೊತೆಗೇ ಒಂದು ಆಸೆಯೂ ಬಂತು: ಮಗಳಿಗೆ ಇದನ್ನು ಹೇಳಬೇಕು, ಹೇಳಿದರೆ ಅವಳು ಕುಣಿಯುತ್ತಾಳೆ, ಕುತ್ತಿಗೆಗೆ ಜೋತುಬಿದ್ದು ಕಿವಿಯಲ್ಲಿ ಆ ಹೊಸ ಮಾತನ್ನು ಹೇಳುತ್ತಾಳೆ. ಅಷ್ಟರಲ್ಲಿ ಅತ್ತೆಯ ಫೋನು ಬಂತು. "ಕಣ್ಣಿಗೆ ಏನೋ ಹನಿ ಹಾಕಿ ಕೂರಿಸಿದಾರಮ್ಮ, ತಡ ಆಗೋ ಹಾಗಿದೆ. ಶಾಲೆಗೆ ನೀನೇ ಹೋಗ್ತೀಯಾ?" ಹೋಗುತ್ತೇನೆ ಎಂದಳು. ಬಿಸಿಲಿಗೆ ಕೊಡೆ ಹಿಡಿದು ಹೊರಟಳು. ದಾರಿಯುದ್ದಕ್ಕೂ, ಹೇಗೆ ಹೇಳಲಿ, ಮೊದಲು ಯಾವುದನ್ನು ಹೇಳಲಿ ಎಂದು ಮಾತು ಹೊಂದಿಸಿದಳು.

ಶಾಲೆಯ ಗೇಟಿನಲ್ಲಿ ಆಯಮ್ಮ ಒಬ್ಬೊಬ್ಬ ಮಗುವನ್ನೇ ಕರೆದು ಬಂದವರ ಕೈಗೆ ಒಪ್ಪಿಸುತ್ತಿದ್ದಳು. ಗೇಟಿನ ಪಕ್ಕದ ಗೋಡೆಗೆ ಕಾಡಿನ ಪ್ರಾಣಿಗಳ ಚಿತ್ರ ಬರೆಸಿದ್ದರು, ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಮಗಳು ಬಂದಳು. ಗೇಟಿನ ಕಂಬಿಗಳ ಆಚೆ ನಿಂತು, ಅಮ್ಮನ ಕೈ ನೋಡಿದಳು, ಕೊಡೆ ಬಿಟ್ಟರೆ ಏನೂ ಇರಲಿಲ್ಲ.

"ಅಜ್ಜಿ ಎಲ್ಲಿ?"

"ಆಸ್ಪತ್ರೇಲಿ ತಡ ಆಯ್ತಂತೆ. ನಾನೇ ಬಂದೆ. ಬಾ."

ಮಗಳು ಬರಲಿಲ್ಲ. "ಗುಟ್ಟಿನ ಮಾತು?" ಎಂದಳು.

ಅವಳಿಗೆ ನಗು ಬಂತು. "ನಾನು ನಿನ್ನಮ್ಮ ಕಣೇ."

"ಗೊತ್ತು."

"ಮತ್ತೆ?"

"ಮುಖ ಪರಿಚಯ ಇದ್ರೆ ಸಾಲದು, ಮಾತು ಗೊತ್ತಿರಬೇಕು." ಅದು ಗುಟ್ಟಿನ ಮಾತಿನ ವಿಡಿಯೊದ ಕೊನೆಯಲ್ಲಿ ಅಮ್ಮನೇ ಹೇಳಿದ್ದ ವಾಕ್ಯ, ಅಮ್ಮನದೇ ಧಾಟಿಯಲ್ಲಿ. ಹಿಂದೆ ನಿಂತ ತಾಯಂದಿರಲ್ಲಿ ಯಾರೋ ಕಿಸಕ್ಕೆಂದರು. ಅವಳು ಕಂಬಿಯ ಹತ್ತಿರ ಬಗ್ಗಿ, ದಾರಿಯಲ್ಲಿ ಹೊಂದಿಸಿದ್ದ ಮಾತನ್ನೆಲ್ಲ ಬಿಟ್ಟು, ಮೆಲ್ಲಗೆ ಹೇಳಿದಳು: "ಎಲ್ಲ ತೆಗೆದುಬಿಟ್ಟೆ. ಇವತ್ತು ಬೆಳಿಗ್ಗೆ. ನಿಂದು ಒಂದೂ ಇಲ್ಲ ಈಗ."

"ಜ್ವರದ್ದು?"

"ಅದೂ."

ಮಗಳು ಆಚೀಚೆ ನೋಡಿ ದನಿ ತಗ್ಗಿಸಿದಳು. "ಬೆಡ್‌ಶೀಟಿಂದು?"

"ಅದೂ ಇಲ್ಲ."

ಮಗಳ ಮುಖದಲ್ಲಿ ಏನೋ ಸಡಿಲವಾಯಿತು. ಅದನ್ನು ಅವಳು ಕಂಡಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಉಸಿರು ಹಿಡಿದಳು. "ಸರಿ" ಎಂದಳು ಮಗಳು. "ಮಾತು?"

ಆಯಮ್ಮ ತಾಳ್ಮೆಗೆಟ್ಟು, "ಹೋಗಮ್ಮ, ಅಮ್ಮ ತಾನೇ ಬಂದಿರೋದು, ಇನ್ನೂ ಎಷ್ಟೋ ಮಕ್ಕಳಿದಾವೆ" ಎಂದು ಮಗಳ ಬೆನ್ನಿಗೆ ಕೈ ಹಾಕಿದಳು. ಗೇಟು ಅರ್ಧ ತೆರೆದೇ ಇತ್ತು. ಅವಳು ಕೈ ಚಾಚಿ ಎಳೆದುಕೊಂಡರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಹಟಮಾರಿ ಮಗು, ತಾಯಿ ಎಳೆದುಕೊಂಡು ಹೋದಳು, ಮುಗಿಯಿತು. ಕಿವಿ ಬಿಸಿಯಾಗಿತ್ತು. ಊರಿನ ತಾಯಂದಿರಿಗೆಲ್ಲ ಪಾಠ ಹೇಳಿದವಳು ತನ್ನ ಮಗಳ ಬಾಗಿಲಲ್ಲಿ ಗುರುತಿಲ್ಲದವಳಂತೆ ನಿಂತಿದ್ದಳು. ಮಗಳ ಕೈ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಹೆದರಿದ್ದಾಳೆ, ಆದರೂ ಬಿಡುತ್ತಿಲ್ಲ. ಇದೇ ಹಿಡಿತ ಶನಿವಾರವೂ ಇತ್ತು. ಬಾಯಿ ತುಂಬ ಹತ್ತಿ ಇಟ್ಟುಕೊಂಡೂ ಕೇಳಬೇಕಾದ್ದನ್ನು ಕೇಳಿದ್ದಳು. ಅವತ್ತು ಸೋತದ್ದು ಮಗಳಲ್ಲ. ಈಗಲೂ ಸೋಲಿಸಬಾರದು. ಅವಮಾನದ ಕೆಳಗೆ ಎಲ್ಲಿಂದಲೋ ಹೆಮ್ಮೆ ಮೇಲೆದ್ದು ಬಂತು, ಬಂದು ಗಟ್ಟಿಯಾಗಿ ನಿಂತಿತು.

"ಬಿಡಿ ಆಯಮ್ಮ," ಎಂದಳು, ಎಲ್ಲರಿಗೂ ಕೇಳುವಂತೆ. "ಅವಳು ಸರಿಯಾಗೇ ಕೇಳ್ತಿದಾಳೆ. ಆ ಮಾತು ನಂಗೆ ಗೊತ್ತಿಲ್ಲ. ಅವಳಜ್ಜಿ ಬರೋ ತನಕ ಒಳಗೇ ಇರ್ಲಿ. ನಾನು ಇಲ್ಲೇ ಕಾಯ್ತೀನಿ."

ಅಷ್ಟರಲ್ಲಿ ಹಿಂದಿನಿಂದ, "ಚಿಟಿಕೆ ಅಲ್ವಾ ಅದು?" ಎಂದು ಯಾರೋ ಅಂದರು. ಒಬ್ಬಳು ಫೋನ್ ಎತ್ತಿದಳು. ಎತ್ತಿದ ಕೈಯ ಎತ್ತರ, ಓರೆ, ಬೆಳಕಿಗೆ ಬೆನ್ನು ಕೊಟ್ಟು ಸರಿದ ರೀತಿ, ಅದೆಲ್ಲ ಅವಳಿಗೆ ತನ್ನ ಹಸ್ತಾಕ್ಷರದಷ್ಟೇ ಪರಿಚಯ. ಕಂಬಿಗಳ ಆಚೆ ಮಗಳ ತಲೆ ತಾನಾಗಿಯೇ ಎಡಕ್ಕೆ ವಾಲಿತು, ತುಟಿ ಸೇರಿತು. ಅವಳು ಮಡಿಚಿದ್ದ ಕೊಡೆಯನ್ನು ಬಿಚ್ಚಿ ಮಗಳಿಗೂ ಫೋನಿಗೂ ನಡುವೆ ಹಿಡಿದಳು.

"ದಯವಿಟ್ಟು ತೆಗೀಬೇಡಿ."

"ನೀವೇ ತೆಗೀತೀರಲ್ಲ ಮೇಡಂ, ದಿನಾ."

"ತೆಗೀತಿದ್ದೆ. ಇನ್ನಿಲ್ಲ."

ಆ ಹೆಂಗಸು ಫೋನನ್ನು ಕೆಳಗಿಳಿಸುವ ತನಕ ಕೊಡೆಯನ್ನು ಇಳಿಸಲಿಲ್ಲ. ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಚದುರಿದರು. ಆಯಮ್ಮ ಗೇಟಿಗೆ ಚಿಲಕ ಹಾಕಿ, ಒಂದು ಸ್ಟೂಲು ತಂದು ಮಗಳನ್ನು ನೆರಳಲ್ಲಿ ಕೂರಿಸಿದಳು. ಅಮ್ಮ ಹೊರಗೆ, ಮಗಳು ಒಳಗೆ. ಒಮ್ಮೆ ಮಗಳು ನೀರಿನ ಬಾಟಲಿ ತೆಗೆದು ಕುಡಿದು, ಸ್ವಲ್ಪ ಯೋಚಿಸಿ, ಕಂಬಿಯ ಸಂದಿಯಿಂದ ಅಮ್ಮನಿಗೂ ಚಾಚಿದಳು. ಅಮ್ಮ ಕುಡಿದು ವಾಪಸು ಕೊಟ್ಟಳು. ಬಹಳ ಹೊತ್ತಿನ ಮೇಲೆ ಅತ್ತೆ ಬಸ್ಸಿಳಿದು ಬಂದರು. ಕಣ್ಣಿಗೆ ಹನಿ ಹಾಕಿದ್ದರಿಂದ ಕಪ್ಪು ಕನ್ನಡಕ, ಗೋಡೆ ಸವರಿಕೊಂಡು ನಡಿಗೆ. "ಯಾಕಮ್ಮ, ಇನ್ನೂ ಇಲ್ಲೇ ಇದೀರಾ? ಏನಾಯ್ತು?"

"ಏನಿಲ್ಲ ಅತ್ತೆ. ನಿಮ್ಮ ಮೊಮ್ಮಗಳು ಮಾತು ಕೇಳ್ತಿದಾಳೆ. ಹೇಳಿ ಕರ್ಕೊಳ್ಳಿ."

ಅತ್ತೆಗೆ ಅರ್ಥವಾಯಿತು. ಒಂದು ಗಳಿಗೆ ಸೊಸೆಯ ಮುಖವಿರಬೇಕಾದ ಕಡೆಗೆ ಕಪ್ಪು ಕನ್ನಡಕ ತಿರುಗಿಸಿ ನಿಂತರು. ಆಮೇಲೆ ಮಂಡಿ ಹಿಡಿದುಕೊಂಡು ಕಂಬಿಯ ಹತ್ತಿರ ಬಗ್ಗಿದರು. ಅತ್ತೆ ಪಿಸುಗುಟ್ಟಿದರೂ ತುಟಿಯನ್ನು ಪೂರ್ತಿ ಅಲ್ಲಾಡಿಸುವವರು. ಅವರನ್ನು ಓದುವುದು ದೊಡ್ಡಕ್ಷರದ ಪುಸ್ತಕ ಓದಿದಷ್ಟು ಸುಲಭ. ಒಂದೇ ಒಂದು ನೋಟ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಳೆ ಗೇಟಿನಲ್ಲಿ ನಿಂತು ಹೇಳಬಹುದಿತ್ತು, ಅಜ್ಜಿ ಹೇಳಿದರು ಎನ್ನಬಹುದಿತ್ತು. ಅವಳು ಗೋಡೆಯ ಕಡೆ ತಿರುಗಿದಳು. ಬಣ್ಣ ಬಿಟ್ಟ ಆನೆಯನ್ನು, ಅದರ ಕಾಲಬುಡದ ಇರುವೆ ಸಾಲನ್ನು ನೋಡುತ್ತ ನಿಂತಳು. ಬೆನ್ನ ಹಿಂದೆ ಪಿಸುಮಾತು ಆಯಿತು, ಮಗಳು ನಕ್ಕಳು. ಅದು ತಲೆ ಎಡಕ್ಕೆ ವಾಲಿಸುವ ನಗುವಲ್ಲವೆಂದು ಶಬ್ದದಿಂದಲೇ ಗೊತ್ತಾಯಿತು. ಗೇಟಿನ ಚಿಲಕ ತೆಗೆದ ಸದ್ದಾದ ಮೇಲೆಯೇ ತಿರುಗಿದಳು.

ಅತ್ತೆಯ ಕೈಯನ್ನು ಮೊಮ್ಮಗಳು ಹಿಡಿದಿದ್ದಳು, ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ಹೇಳುವಂತಿರಲಿಲ್ಲ. ಅವಳು ಇಬ್ಬರ ಮೇಲೂ ಕೊಡೆ ಹಿಡಿದು ಒಂದು ಹೆಜ್ಜೆ ಹಿಂದೆ ನಡೆದಳು. ರಸ್ತೆಯ ತಿರುವು ಬಂತು. ತಿರುವಿನಲ್ಲಿ ಮಗಳು ಹಿಂದಿರುಗಿ ನೋಡಿದಳು.

"ಅಜ್ಜಿ ಹೇಳುವಾಗ ನೀನು ನೋಡಿದ್ಯಾ?"

"ಇಲ್ಲ. ಗೋಡೆ ನೋಡ್ತಿದ್ದೆ."

"ಗೋಡೇಲಿ ಏನಿತ್ತು?"

"ಆನೆ. ಕಾಲ ಹತ್ರ ಇರುವೆ ಸಾಲು. ಆನೆಗೆ ಬಾಲ ಬರೆಯೋದು ಮರೆತಿದಾರೆ."

ಮಗಳು ನಿಂತು ಅಮ್ಮನ ಮುಖವನ್ನು ಪರೀಕ್ಷೆ ಮಾಡಿದಳು, ಹಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿದ ಹಾಗೆ. "ಬಾಲ ಇದೆ. ಗಿಡದ ಹಿಂದೆ ಇದೆ, ಅದಕ್ಕೆ ಕಾಣಲ್ಲ" ಎಂದಳು. ಆಮೇಲೆ ಹೆಗಲಿನಿಂದ ಬ್ಯಾಗು ಇಳಿಸಿ ಅವಳ ಕೈಗೆ ಕೊಟ್ಟಳು. ಬ್ಯಾಗು ಭಾರವಾಗಿತ್ತು, ಅವಳು ಅದನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

"ನಾಳೆನೂ ನೀನೇ ಬಾ" ಎಂದಳು ಮಗಳು.

"ಬರ್ತೀನಿ. ಮಾತು?"

"ಅಜ್ಜಿನ ಕರ್ಕೊಂಡು ಬಾ."